ನನ್ನ ಷಡ್ಡಕನೂ ಹಿಮಾಲಯದ ಗಿಡುಗವೂ

ನನ್ನ ಷಡ್ಡಕನಲ್ಲಿ ಒಂದೇ ಒಂದು ಐಬಿದೆ. ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. ಕುಡಿತವಾಗಿದ್ದರೆ ಬಿಡಿಸಬಹುದಿತ್ತು, ಇಸ್ಪೀಟಿನ ಹುಚ್ಚಾಗಿದ್ದರೆ ಬುದ್ಧಿ ಹೇಳಬಹುದಿತ್ತು. ಎಲ್ಲರಿಗೂ ಇಷ್ಟವಾಗುವ ಮನುಷ್ಯನನ್ನು ಏನು ಮಾಡೋಣ, ನೀವೇ ಹೇಳಿ?

ನಾನು ಅವನ ಹೆಂಡತಿಯ ಅಕ್ಕನ ಗಂಡ. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನಂಜನಗೂಡಿನ ರೈಲ್ವೆ ಸ್ಟೇಷನ್ನಿನಿಂದ ನರಸೀಪುರದ ಅಂಗಡಿಗಳಿಗೆ ಸಾಮಾನು ಹೊಡೆಯುತ್ತೇನೆ. ಗಾಡಿಯೂ ನನ್ನದೇ, ಎತ್ತುಗಳೂ ನನ್ನವೇ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಚಿಕ್ಕಯ್ಯನಛತ್ರದ ಪಕ್ಕದಲ್ಲಿರುವ ಮಾವನ ಮನೆಗೆ ದೀಪಾವಳಿಗೆ ಹೋದರೆ, ಸಾಲಿನಲ್ಲಿ ಮೊದಲನೆಯ ಎಲೆ ದೊಡ್ಡ ಅಳಿಯನಾದ ನನಗೇ. ನರಸೀಪುರದ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ಚಿಕ್ಕ ಅಳಿಯನಾಗಿ ಬಂದ ಮೇಲೂ ಆ ಎಲೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಸುಳ್ಳೇಕೆ ಹೇಳಲಿ. ಎಲೆ ನನ್ನ ಮುಂದೆಯೇ ಇತ್ತು. ಮನೆಯವರ ಕಣ್ಣು ಮಾತ್ರ ಎರಡನೆಯ ಎಲೆಯ ಕಡೆ ಹೋಯಿತು.

ಈ ಎರಡನೆಯ ಎಲೆಯವನಿಗೆ ಗಿಡುಗದ ಹುಚ್ಚು. ತನ್ನ ದೇಶಕ್ಕೆ ಹೊರಟ ಯಾರೋ ಬಿಳಿ ದೊರೆ ಸಾಮಾನು ಹರಾಜು ಹಾಕಿದಾಗ ಒಂದು ಕ್ಯಾಮರಾ ಹಿಡಿದು ತಂದಿದ್ದ. ಮೂರು ಕಾಲು, ಒಂದು ಕಣ್ಣು, ಮೇಲೊಂದು ಕರಿಬಟ್ಟೆ. ಅಂಥದನ್ನು ಕೊಂಡವರು ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾರೆ. ಇವನು ಬದುವಿನ ಮೇಲೆ ನಿಂತು ಆಕಾಶ ನೋಡುತ್ತಾನೆ. ರಾಗಿ ತೆನೆ ಬಲಿಯುವ ಹೊತ್ತಿಗೆ ನಮ್ಮ ಕಡೆಗೆ ಒಂದು ಜಾತಿಯ ಗಿಡುಗ ಬರುತ್ತದೆ. ಬೂದಿ ಬಣ್ಣದ ಮೈ, ಮಸಿಯಲ್ಲಿ ಅದ್ದಿ ತೆಗೆದಂಥ ರೆಕ್ಕೆಯ ತುದಿ. ಪೈರಿನ ಮೇಲೆಯೇ ತೇಲಿಕೊಂಡು ಹೋಗುತ್ತದೆ. ಬೇಸಿಗೆ ಬಂತೆಂದರೆ ಮಾಯ. ಅಳಿಯಂದಿರೂ ಗಿಡುಗಗಳೂ ಒಂದೇ ಕಾಲಕ್ಕೆ ಬಂದಿಳಿಯುವುದರಿಂದ ಮಾವನ ಮನೆಯ ಕೋಳಿಗಳಿಗೆ ಅದು ಬಹಳ ಕಷ್ಟದ ಕಾಲ.

"ಇದು ಹಿಮಾಲಯದ ಆಚೆಯಿಂದ ಬರ್ತದೆ ಮಾವ," ಎಂದ ಷಡ್ಡಕ.

"ಇಮಾಲಯ್ದಿಂದ್ಲಾ? ಅಷ್ಟ್ ದೂರ್ದಿಂದ ನಮ್ಮೊಲಕ್ಕಾ?" ಎಂದು ಮಾವ ಬಾಯಿ ಬಿಟ್ಟುಕೊಂಡು ಕೂತರು.

ನಾನೂ ಆಗತಾನೆ ನಂಜನಗೂಡಿನಿಂದ ಧೂಳು ಕುಡಿದುಕೊಂಡು ಬಂದಿದ್ದೆ. ಕಾಲಿಗೆ ನೀರು ಕೊಡುವುದನ್ನೂ ಮರೆತಿದ್ದರು.

ಮಾರನೆಯ ವರ್ಷ, ಗಿಡುಗವನ್ನು ನೆಲಕ್ಕಿಳಿಸಲು ಒಂದು ಕೋಳಿ ಬೇಕೆಂದ. ನನಗಾಗಿ ಮುದಿ ಹುಂಜ ಕುಯ್ದಿದ್ದ ಅತ್ತೆ, ಗಿಡುಗಕ್ಕಾಗಿ ಮೊಟ್ಟೆಯಿಡುವ ಕೋಳಿಯನ್ನೇ ಎತ್ತಿ ಕೊಟ್ಟರು.

"ಹೊತ್ಕೊಂಡು ಹೋದ್ರೆ ಏನತ್ತೆ ಮಾಡೋದು?" ಎಂದೆ.

"ಓಗ್ಲಿ ಬುಡಿ ದೊಡ್ಡಳಿಮಯ್ಯ, ಪಾಪ, ಅಷ್ಟ್ ದೂರ್ದಿಂದ ಬಂದದೆ."

ಗಿಡುಗ ಅತ್ತ ಸುಳಿಯಲಿಲ್ಲ. ಕೋಳಿ ಬಿಸಿಲಿನಲ್ಲಿ ತೂಕಡಿಸುತ್ತ ಕೂತಿತು. ಬಂದದ್ದೇಕೆ ವ್ಯರ್ಥವಾಗಬೇಕು ಎಂದು ಷಡ್ಡಕ ಕೋಳಿಯ ಫೋಟೋವನ್ನೇ ತೆಗೆದ. ಮಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು. ಊರಿನವರು ಸಾಲುಗಟ್ಟಿ ಬಂದು ನೋಡಿದರು. ಅದೇ ಕೋಳಿ ಅವರ ಕಾಲಡಿಯಲ್ಲಿ ಓಡಾಡುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಆ ಮನೆಗೆ ನಾನು ಹೊಡೆದ ರಾಗಿ ಮೂಟೆಗಳೆಷ್ಟು! ನನ್ನ ಬೆವರಿಗೆ ಯಾರಾದರೂ ಕಟ್ಟು ಹಾಕಿಸಿದರೇ?

ಅದರ ಮುಂದಿನ ದೀಪಾವಳಿಗೆ ಅವನೇ ನನ್ನ ಹತ್ತಿರ ಬಂದ. "ಅಣ್ಣಯ್ಯ, ಮನುಷ್ಯ ನಡೆದು ಹೋದ್ರೆ ಗಿಡುಗ ಎದ್ದುಬಿಡ್ತದೆ. ಎತ್ತಿನ ಗಾಡಿಗೆ ಏಳೋದಿಲ್ಲ. ನಿಮ್ಮ ಗಾಡಿ ಬೇಕಲ್ಲ."

ಆಗಲಿ ಎಂದೆ. ಫೋಟೋ ಬಂದರೆ ಅರ್ಧ ಹೆಸರಾದರೂ ಗಾಡಿಗೆ ಬರಬೇಕಲ್ಲ ಎಂಬುದು ನನ್ನ ಎಣಿಕೆ.

ಗಾಡಿಗೆ ಹುಲ್ಲು ತುಂಬಿದೆವು. ಅವನು ಕ್ಯಾಮರಾ ತಬ್ಬಿಕೊಂಡು, ಕರಿಬಟ್ಟೆ ಹೊದ್ದು ಹುಲ್ಲಿನೊಳಗೆ ಮಲಗಿದ. ಜೋಳ ಕೊಯ್ದ ಹೊಲದ ನಡುವೆ ಗಿಡುಗ ಒಂದು ಮಣ್ಣುಗಡ್ಡೆಯ ಮೇಲೆ ಕೂತಿತ್ತು. ನೇರವಾಗಿ ಹೋಗಬಾರದಂತೆ, ಸುತ್ತು ಹಾಕುತ್ತ ಹಾಕುತ್ತ ಹತ್ತಿರವಾಗಬೇಕಂತೆ. ಗಾಣ ಸುತ್ತುವ ಹಾಗೆ ಸುತ್ತಿದೆ.

"ಸುಮ್ಮನೆ ಕೂರಬೇಡಿ ಅಣ್ಣಯ್ಯ, ಮಾತಾಡ್ತಾ ಇರಿ. ಯಾರೋ ಹೊಲದವರು ಅಂತ ಅದು ತಿಳ್ಕೋಬೇಕು," ಎಂದಿತು ಹುಲ್ಲು.

ಮಾತಾಡು ಎಂದರೆ ಏನು ಮಾತಾಡುವುದು? ವರ್ಷಗಳಿಂದ ಹೊಟ್ಟೆಯಲ್ಲಿದ್ದದ್ದನ್ನೇ ಎತ್ತುಗಳ ಮುಂದೆ ಶುರುಮಾಡಿದೆ.

"ಲೇ ಕರಿಯ, ಇಂದೆ ಬಿದ್ದಿರೋ ಮೂಟೆ ನೋಡ್ಲಾ. ಸರ್ಕಾರದ ಸಂಬ್ಳ ತಿನ್ಕಂಡು ಉಲ್ಲಲ್ಲಿ ಮಲ್ಗದೆ. ಒಂದಿನ ನೇಗ್ಲು ಇಡ್ದಿಲ್ಲ. ಅತ್ತೆಗೆ ಅದೇ ಮುದ್ದು, ಮಾವ್ನಿಗೆ ಅದೇ ದೇವ್ರು. ನಾವು ಸಾಯೋಗಂಟ ದುಡುದ್ರೂ ನಮ್ಮ ಮಕ ಕಾಣಾಕಿಲ್ಲ ಕಣ್ಲಾ ಅವ್ರಿಗೆ."

"ಚೆನ್ನಾಗಿದೆ ಅಣ್ಣಯ್ಯ, ಹಾಗೇ ಇನ್ನೊಂದು ಸುತ್ತು," ಎಂದಿತು ಹುಲ್ಲು.

ಇನ್ನೊಂದು ಸುತ್ತು ಬೈದೆ. ಅವನ ಕ್ರಾಪು, ಅವನ ಬೂಟು, ಎಲ್ಲರನ್ನೂ ಕೆಡಿಸುವ ಅವನ ನಗು, ಯಾವುದನ್ನೂ ಬಿಡಲಿಲ್ಲ. ಗಿಡುಗ ಕತ್ತು ಓರೆಮಾಡಿಕೊಂಡು ಕೇಳಿತು. ಹಿಂದೆ ಟಕ್ ಎಂದು ಸದ್ದಾಯಿತು.

ಫೋಟೋ ಬಂತು. ಗಿಡುಗ ಕಡಲೆಕಾಳಿನಷ್ಟೇ ಇತ್ತು, ಆದರೆ ಗಿಡುಗವೇ. ಷಡ್ಡಕ ಅದನ್ನು ಮಾವನ ಕೈಗಿಟ್ಟು, "ಇದು ನಂದಲ್ಲ ಮಾವ, ಅಣ್ಣಯ್ಯ ತೆಗೆದದ್ದು. ಅವರು ಬೈತಾ ಇದ್ದದ್ದಕ್ಕೇ ಅದು ಅಲುಗದೆ ಕೂತಿತ್ತು," ಎಂದ.

ಮಾವನ ಕಣ್ಣು ಒದ್ದೆಯಾಯಿತು. "ನೋಡುದ್ರಾ ದೊಡ್ಡಳಿಮಯ್ಯ, ತಾನು ಪಟ್ಟ ಕಷ್ಟನೆಲ್ಲ ನಿಮ್ಮೆಸ್ರಿಗೆ ಆಕ್ತಾವ್ರೆ. ಎಂತಾ ಗುಣ," ಎಂದು ಅವನ ಬೆನ್ನು ಸವರಿದರು.

ಹೆಸರು ನನಗೆ ಕೊಟ್ಟು ಹೊಗಳಿಕೆಯನ್ನು ಪೂರ್ತಿ ತಾನೇ ಹೊಡೆದುಕೊಂಡ! ಇಂಥವನ ಜೊತೆ ಒಂದು ಮನೆಗೆ ಅಳಿಯನಾಗಿರುವುದು ಹೇಗೆ?

ಈ ವರ್ಷ ಅವನಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ರಜ ಸಿಗದೆ ದೀಪಾವಳಿಗೆ ಬರಲಿಲ್ಲ. ನಾನು ಬೇಡಿಕೊಂಡದ್ದೆಲ್ಲ ಒಂದೇ ಹಬ್ಬದಲ್ಲಿ ಸಿಕ್ಕಿತು. ಒಬ್ಬನೇ ಅಳಿಯ. ಅತ್ತೆ ಎಳೆಯ ಕೋಳಿಯನ್ನೇ ಕುಯ್ದರು. ಹೊಸ ಎತ್ತಿನ ಹಲ್ಲು ನೋಡಿ ಹೇಳಿ ಎಂದು ಮಾವ ನನ್ನನ್ನೇ ಕರೆದರು. ಆದರೂ ಎಲೆಯಲ್ಲಿ ಅರ್ಧ ಬಿಟ್ಟು ಎದ್ದೆ. ಸಂಜೆ ಗಾಡಿ ಹೂಡಿದೆ.

"ಎಲ್ಗೆ ಈಗ?" ಎಂದಳು ಹೆಂಡತಿ.

"ಕರಿಯ ಕುಂಟ್ತಾನೇನೋ ನೋಡ್ಬೇಕು," ಎಂದೆ. ಕರಿಯನಿಗೆ ಏನೂ ಆಗಿರಲಿಲ್ಲ.

ಹೊಲದಲ್ಲಿ ಗಿಡುಗ ಬಂದು ಕೂತಿತ್ತು. ಸುತ್ತು ಹಾಕಿದೆ. ಬಾಯಿ ತನ್ನಷ್ಟಕ್ಕೆ ತಾನೇ ಬೈಯಲು ಶುರುಮಾಡಿ, ಕೇಳುವವರಿಲ್ಲದೆ ಅರ್ಧಕ್ಕೆ ನಿಂತಿತು. ಮಾತು ನಿಂತದ್ದೇ ತಡ, ಗಿಡುಗ ಎದ್ದು ಹೋಯಿತು.

ಮನೆಗೆ ಬಂದಾಗ ಮಾವ ಜಗಲಿಯ ಮೇಲಿದ್ದರು. "ದುರ್ಗದಲ್ಲಿ ಅವನಿಗೆ ಗಾಡಿ ಯಾರು ಹೊಡೀತಾರೋ," ಎಂದೆ.

"ಅಲ್ಲೂ ಯಾರಾರ ಗಾಡಿಯೋನ್ನ ಗೊತ್ಮಾಡ್ಕಂಡಿರ್ತಾರೆ ಬುಡಿ. ಅವ್ರಿಗೆ ಜನ ಸಿಕ್ಕಾಕಿಲ್ವಾ?" ಎಂದರು.

ಇಷ್ಟು ವರ್ಷ ಆ ಮನೆಯಲ್ಲಿ ನನ್ನ ಹೊಟ್ಟೆ ಉರಿದದ್ದು ಉರಿಯೇ ಅಲ್ಲ ಎನ್ನಿಸಿತು. ದುರ್ಗದಲ್ಲಿ ಯಾರೋ ಒಬ್ಬ ಗಾಡಿಯವನು ಇರುತ್ತಾನೆ. ಅವನ ಹುಲ್ಲಿನಲ್ಲಿ ನಮ್ಮವನು ಮಲಗಿರಬಹುದು, ಅವನನ್ನೂ ಅಣ್ಣಯ್ಯ ಎಂದು ಕರೆಯುತ್ತಿರಬಹುದು. ಆ ಮನುಷ್ಯನಿಗೆ ಸರಿಯಾಗಿ ಸುತ್ತು ಹಾಕುವುದಕ್ಕೆ ಬರುತ್ತದೆಯೇ? ಬೈಯುವುದಕ್ಕೆ ಬರುತ್ತದೆಯೇ? ಬಂದರೂ ಬರಲಿ. ನನ್ನ ತಮ್ಮನನ್ನು ಬೈಯುವುದಕ್ಕೆ ಅವನು ಯಾರು?