ಮೈಲಿಗಲ್ಲಿನ ಹರಿತ

ವಿಮಾ ಕಂಪನಿಯಿಂದ ಹೊಸ ಟಯರು ಕಕ್ಕಿಸದಿದ್ದರೆ ನನ್ನ ಹೆಸರು ರಘುಪತಿಯೇ ಅಲ್ಲ! ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಯಲ್ಲಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ, ಪರೀಕ್ಷೆಯಲ್ಲಿ ನಕಲು ಚೀಟಿ ಹಿಡಿಯುವುದರಲ್ಲಿ ಹೆಸರು ಮಾಡಿದ ಮಾಸ್ತರ ನಾನು. ನನ್ನ ಲೆಕ್ಕ ತಪ್ಪೀತೇ?

ನಡೆದದ್ದಿಷ್ಟು. ನಂದೊಳ್ಳಿಯ ತಿರುವಿನಲ್ಲಿ ಎಮ್ಮೆಯನ್ನು ತಪ್ಪಿಸಲು ಹೋಗಿ ಕಾರನ್ನು ಮೈಲಿಗಲ್ಲಿಗೆ ಗುದ್ದಿದೆ. ಬಂಪರು ಸೀಳಿತು, ಎಡಗಡೆಯ ದೀಪ ಪುಡಿಯಾಯಿತು. ಟಯರಿಗೆ ಮಾತ್ರ ಒಂದು ಗೀರೂ ಇಲ್ಲ! ನನಗೆ ಬೇಜಾರಾದದ್ದೇ ಅದಕ್ಕೆ. ಬಂಪರು ಕೊಡುವವರು ಜೊತೆಗೊಂದು ಟಯರು ಕೊಡಬಾರದೇ? ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಸವೆದು ನನ್ನ ತಲೆಯಷ್ಟೇ ನುಣ್ಣಗಾಗಿತ್ತು. ಮನೆಗೆ ಬಂದವನೇ ಅದನ್ನು ಮುಂದಿನ ಎಡಬದಿಗೆ ಹಾಕಿ, ಅಲ್ಲಿದ್ದ ಒಳ್ಳೆಯ ಚಕ್ರವನ್ನು ಡಿಕ್ಕಿಗೆ ತಳ್ಳಿದೆ. ಹಿತ್ತಿಲಿನಿಂದ ಕತ್ತಿ ತಂದು ಸ್ಟೆಪ್ನಿಯ ಪಕ್ಕೆಗೆ ಒಂದೇ ಏಟು!

ಒಳಗಿನಿಂದ ಹೆಂಡತಿ ಪರಿಮಳಾ ಕೂಗಿದಳು. "ಅದೆಂತ ಭುಸ್ ಹೇಳಿದ್ದು? ಹಾವು ಬೈಂದಾ?"

"ಇಲ್ಲೆ, ಇಲ್ಲೆ! ಆನು ಗಾಡಿ ಒರಸ್ತಾ ಇದ್ದೆ."

ಮರುದಿನ ವಿಮೆಯ ಸರ್ವೇಯರ್ ಬಂದ. "ನಮಸ್ಕಾರ ಸರ್, ನಾನು ಉಲ್ಲಾಸ. ಹತ್ತನೇ ಕ್ಲಾಸಲ್ಲಿ ನಿಮ್ಮ ಸ್ಟೂಡೆಂಟು" ಎಂದ. ಶಿಷ್ಯನೇ ಸರ್ವೇಯರ್! ನನಗೆ ಆನೆಬಲ ಬಂತು.

ಅವನು ಬಂಪರಿನ ಫೋಟೊ ತೆಗೆದ, ದೀಪದ್ದು ತೆಗೆದ, ಡಿಕ್ಕಿ ತೆರೆದು ನೋಡಿ ಮುಚ್ಚಿದ. ಕೊನೆಗೆ ಟಯರಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಸರ್, ಅಪಘಾತದಲ್ಲಿ ಹಾಳಾದ್ದಕ್ಕೆ ವಿಮೆ ಸಿಗ್ತದೆ. ಓಡಿ ಓಡಿ ಸವೆದದ್ದಕ್ಕೆ ಇಲ್ಲ. ಟಯರು ಅಪಘಾತದಲ್ಲೇ ಹರಿದ್ರೂ ಅರ್ಧ ದುಡ್ಡೇ."

"ಇದು ಅಪಘಾತದಲ್ಲೇ ಹರಿದದ್ದು ಮಾರಾಯ!"

ಅವನು ಸೀಳಿನ ಮೇಲೆ ಬೆರಳಾಡಿಸಿದ. "ಮೈಲಿಗಲ್ಲು ಇಷ್ಟು ಹರಿತ ಇತ್ತಾ ಸರ್?"

"ಸರಕಾರಿ ಕಲ್ಲು! ಗಟ್ಟಿ ಇರ್ತದೆ."

ಬಂದವರಿಗೆ ಕುಡಿಯಲು ಆಸರಿಗೆ ಕೊಡದೆ ಕಳಿಸುವ ಮನೆಯೇ ನಮ್ಮದು? ಪರಿಮಳಾ ಎಳನೀರು ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಅದೇ ಕತ್ತಿ!

"ಇಲ್ನೋಡಿ, ಕತ್ತಿಗೆ ಎಂತದೋ ಕರಿ ರಬ್ಬರು ಅಂಟ್ಕಂಡಿದ್ದು! ಎಳನೀರು ಕೆತ್ತಿರೆ ಟಯರಿನ ವಾಸನೆ ಬತ್ತು!"

ನನ್ನ ಕಿವಿ ಬಿಸಿಯಾಯಿತು. ಎಷ್ಟೋ ಮಕ್ಕಳ ಕಿಸೆ ತಡಕಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಉಲ್ಲಾಸ ನನ್ನ ಮುಖ ನೋಡಲಿಲ್ಲ. ಮೆಲ್ಲಗೆ ಹೇಳಿದ: "ಪರೀಕ್ಷೆಯಲ್ಲಿ ನನ್ನ ಕಿಸೆಯಲ್ಲೂ ಚೀಟಿ ಸಿಕ್ಕಿತ್ತು ಸರ್. 'ಹೊರಗೆ ಬಿಸಾಡಿ ಬಾ, ನಾನು ನೋಡಿಲ್ಲ' ಅಂದಿದ್ರಿ. ಈ ಟಯರಿನ ಫೋಟೊ ನಾನಿನ್ನೂ ತೆಗೆದಿಲ್ಲ. ಎಳನೀರು ಮುಗಿಯೋದ್ರೊಳಗೆ ಡಿಕ್ಕಿಯ ಚಕ್ರ ಹಾಕಿಬಿಡಿ."

ಇದ್ದೊಂದು ಸ್ಟೆಪ್ನಿಯೂ ಹೋಯಿತು, ಮಾನವೂ ಹೋಯಿತು. ತಲೆ ತಗ್ಗಿಸಿ ಜಾಕ್ ತಿರುಗಿಸತೊಡಗಿದೆ. ಪಾಪ, ಆ ಹುಡುಗ ಗುಟುಕು ಗುಟುಕಾಗಿ ಕುಡಿದರೂ ನಿನ್ನೆ ನಾನೇ ಜಗ್ಗಿ ಬಿಗಿದಿದ್ದ ಒಂದು ನಟ್ಟೂ ನನಗೆ ಬಿಚ್ಚಲಾಗಲಿಲ್ಲ.

ಪರಿಮಳಾ ನನ್ನನ್ನೊಮ್ಮೆ, ಕತ್ತಿಯನ್ನೊಮ್ಮೆ ನೋಡಿದಳು. ಮತ್ತೆ ಅವನತ್ತ ತಿರುಗಿದಳು.

"ತಮಾ, ಇನ್ನೊಂದು ಎಳನೀರು ಕುಡಿ. ನಿಮ್ಮ ಮಾಸ್ತರಿಗೆ ಟೈಮು ಸಾಲ್ತಿಲ್ಲೆ!"