ಓಡುತ್ತ ಹಂಪಿ ತೋರಿಸಿದ್ದು

ಮಾತನ್ನೇ ನಂಬಿ ಬದುಕುವವರು ಉಸಿರಿನ ಬಗ್ಗೆ ಯೋಚಿಸುವುದು ಕಡಿಮೆ. ನಾನಂತೂ ಯೋಚಿಸಿದ್ದೇ ಇಲ್ಲ. ಹಂಪಿಯಲ್ಲಿ ಗೈಡ್ ಆಗಿ ತಲೆ ನರೆಯುವಷ್ಟು ಕಾಲ ಮಾತಾಡಿದ್ದೇನೆ. ನಾನು ಬಾಯಿ ತೆರೆದರೆ ಬಿದ್ದ ಅರಮನೆ ಒಂದು ಗಳಿಗೆ ಎದ್ದು ನಿಲ್ಲುತ್ತದೆ ಎಂಬ ಸಣ್ಣ ಜಂಬವೂ ನನಗಿತ್ತು. ಆದರೆ ಅದೆಲ್ಲ ನಿಂತು ಆಡುವ ಮಾತು. ಒಂದು ಕಂಬದ ಮುಂದೆ ನಿಲ್ಲಬೇಕು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳಬೇಕು, ಬಿಸಿಲು ಬಂದರೆ ಇನ್ನೊಂದು ಕಂಬಕ್ಕೆ ಸರಿಯಬೇಕು. ಯಾವ ಮಂಟಪದ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದು ನನಗೆ ರಾಜರ ವಂಶಾವಳಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯೂ ಈ ವೃತ್ತಿಗೆ ತಕ್ಕಂತೆಯೇ ಬೆಳೆದಿತ್ತು.

ಅದು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರುಗಳ ಕಡೆ ಹೊರಟಿದ್ದವು. ಹೊಸಪೇಟೆಯಲ್ಲಿ ಜನ ಬಿಳಿ ಅಂಗಿ ತೊಡುವುದನ್ನೇ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಮೊಸರೂ ಕೆಂಪಗೆ ಹೆಪ್ಪುಗಟ್ಟುತ್ತದೆ ಎಂದು ಹೆಂಡತಿ ಗೊಣಗುತ್ತಿದ್ದಳು. ನನ್ನ ಜೊತೆಗೇ ಗೈಡ್ ಆಗಿದ್ದ ಈರಣ್ಣ ಆ ದಿನಗಳಲ್ಲೇ ಕೆಲಸ ಬಿಟ್ಟು, ಅದಿರು ರಾಶಿ ಹಾಕುವ ಒಂದು ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿ ಸೇರಿಕೊಂಡ. ಕಂಪ್ಲಿ ಕಡೆಯ ತನ್ನ ಊರಿನಿಂದ ದಿನಾ ಹೊಸ ಬೈಕಿನಲ್ಲಿ ಓಡಾಡುತ್ತಿದ್ದ. ಎದುರು ಸಿಕ್ಕಾಗಲೆಲ್ಲ ನನ್ನನ್ನೂ ಕರೆಯುತ್ತಿದ್ದ.

“ಲೇ ಶಿವಪ್ಪ, ಬಿದ್ದ ಕಲ್ಲು ತೋರ್ಸಿದ್ದು ಸಾಕು, ಬಾರಲೇ.”

“ನನಗ ಧೂಳು ಆಗಂಗಿಲ್ಲಪ.”

“ಇಲ್ಲೇನು ಕುಡ್ಯಾಂಗಿಲ್ಲೇನು? ಅಲ್ಲಿ ಪಗಾರ ಕೊಟ್ಟು ಕುಡಿಸ್ತಾರ, ಅಷ್ಟ ಫರಕು.”

ನಾನು ಹೋಗಲಿಲ್ಲ. ಅದಕ್ಕೆ ಧೂಳಿಗಿಂತ ಸೋಮಾರಿತನವೇ ದೊಡ್ಡ ಕಾರಣ.

ಹೀಗಿರುವಾಗ ಹೊಸಪೇಟೆಯ ಒಂದು ಲಾಡ್ಜಿನ ಮ್ಯಾನೇಜರು ಫೋನ್ ಮಾಡಿ, ವಿದೇಶಿ ಹೆಂಗಸೊಬ್ಬಳು ಓಡುತ್ತ ಹಂಪಿ ನೋಡಬೇಕಂತೆ, ಬರುತ್ತೀರಾ ಎಂದ. ಓಡಿಸಿಕೊಂಡು ಎಂದು ಕೇಳಿಸಿತು. ಯಾವುದೋ ಗಾಡಿ ಇರಬೇಕು ಎಂದುಕೊಂಡು ಒಪ್ಪಿಬಿಟ್ಟೆ. ಆಕೆಯ ಹೆಸರು ಮಾರ್ತಾ, ವೃತ್ತಿಯಲ್ಲಿ ನರ್ಸು. ಅವಳ ಊರು ಸಮುದ್ರದ ದಂಡೆಯ ಹಳೆಯ ಬಂದರಂತೆ. ಅಲ್ಲಿ ಗೈಡು ಮುಂದೆ ಓಡುತ್ತಾನೆ, ಹಿಂದೆ ಪ್ರವಾಸಿಗರು ಓಡುತ್ತಾರೆ. ಹಡಗುಕಟ್ಟೆ, ಗೋದಾಮು, ಚರ್ಚು ಎಲ್ಲವನ್ನೂ ಬೆವರು ಸುರಿಸುತ್ತಲೇ ನೋಡಿ ಮುಗಿಸುತ್ತಾರೆ. ಇದನ್ನು ಕೇಳಿ ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. “ಬಸ್ಸು ತಪ್ಪಿದ್ರೂ ಓಡಿದವರಲ್ಲ ನೀವು. ಈಕಿನ್ನ ಹೆಂಗ ಓಡಿಸ್ತೀರಿ?” ಆ ನಗುವಿಗೇ ರೋಷ ಬಂತು. ತಮ್ಮನ ಹಳೆಯ ಚಡ್ಡಿ ಹುಡುಕಿ ತೆಗೆದೆ. ಜೇಬಿನಲ್ಲಿ ಕುಣಿಯುತ್ತದೆಂದು ಮೊಬೈಲನ್ನು ಮನೆಯಲ್ಲೇ ಬಿಟ್ಟೆ.

ಬೆಳಿಗ್ಗೆ ರಾಣಿ ಸ್ನಾನಗೃಹದ ಹತ್ತಿರ ಓಟ ಶುರುವಾಯಿತು. ಮೊದಲ ರಾಜವಂಶವನ್ನು ಚೆನ್ನಾಗಿಯೇ ಹೇಳಿದೆ. ಕಮಲಾಪುರ ದಾಟುವಾಗ ಎರಡನೆಯ ವಂಶ ಅರ್ಧಕ್ಕೇ ನಿಂತಿತು. ಕಂಪ್ಲಿ ರಸ್ತೆಗೆ ಬಿದ್ದು ಮಾಲ್ಯವಂತ ಗುಡ್ಡದ ಕಡೆ ತಿರುಗುವಷ್ಟರಲ್ಲಿ ನನ್ನ ಬಳಿ ಉಳಿದಿದ್ದದ್ದು ‘ಕಿಂಗ್’ ಎಂಬ ಒಂದೇ ಶಬ್ದ. ಏನು ಕಂಡರೂ ಕೈ ತೋರಿಸಿ ‘ಕಿಂಗ್’ ಎನ್ನುತ್ತಿದ್ದೆ. ಮೈಲಿಗಲ್ಲಿಗೂ ಹಾಗೇ ಅಂದೆ. ಆಕೆ ಪಾಪ ನಿಂತು ಅದರ ಫೋಟೋ ತೆಗೆದುಕೊಂಡಳು.

ಹೆದ್ದಾರಿ ಜಾಮ್ ಆದಾಗ ಅದಿರಿನ ಲಾರಿಗಳು ಈ ರಸ್ತೆಗೂ ನುಗ್ಗುತ್ತಿದ್ದವು. ಅವತ್ತೂ ನುಗ್ಗಿದ್ದವು. ಗುಡ್ಡದ ಕೆಳಗಿನ ತಿರುವಿನಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ. ಮಾರ್ತಾ ಗಕ್ಕನೆ ನಿಂತಳು. ಕಾಲುವೆಯ ಬದಿಗೆ ಒಂದು ಬೈಕು ಬಿದ್ದಿತ್ತು. ಅದರಾಚೆ ಅಡಿಯಿಂದ ಮುಡಿಯವರೆಗೆ ಕೆಂಪಾಗಿದ್ದ ಒಬ್ಬ ಮನುಷ್ಯ ಬಿದ್ದಿದ್ದ. ಎಷ್ಟು ಧೂಳು, ಎಷ್ಟು ರಕ್ತ ಎಂದು ತಿಳಿಯುವಂತಿರಲಿಲ್ಲ. ಗುದ್ದಿದ ಲಾರಿ ಹೊರಟುಹೋಗಿತ್ತು. ಬಗ್ಗಿ ಮುಖ ಒರೆಸಿದೆ. ಈರಣ್ಣ.

ಅವನು ಕಣ್ಣು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಶಿವಪ್ಪ, ಚಡ್ಡಿ ಯಾಕ ಹಾಕ್ಕೊಂಡೀಯಲೇ?” ಎಂದ. ಆಮೇಲೆ, “ಕಾಲು ಐತೇನು ನೋಡು” ಎಂದ.

ಐತಿ ಅಂದೆ. ಇದ್ದ ರೀತಿ ಹೇಳಲಿಲ್ಲ. ಮಾರ್ತಾ ತನ್ನ ಜಾಕೆಟ್ ಬಿಚ್ಚಿ ತೊಡೆಗೆ ಬಿಗಿಯುತ್ತಿದ್ದಳು. ಈರಣ್ಣನ ಮೊಬೈಲು ಪುಡಿಯಾಗಿತ್ತು, ಆಕೆಯ ಬಳಿ ಇದ್ದದ್ದು ಕ್ಯಾಮೆರಾ ಮಾತ್ರ. ನಾನು ರಸ್ತೆಗೆ ಬಂದು ಕೈ ಅಡ್ಡ ಹಿಡಿದೆ. ಲಾರಿಗಳು ಹಾರ್ನ್ ಹೊಡೆದು, ನನ್ನ ಪಕ್ಕದಿಂದ ಸರಿದು ಹೋದವು. ಒಂದೂ ನಿಲ್ಲಲಿಲ್ಲ. ಆಗ ಆಕೆ ತಲೆ ಎತ್ತಿ, “ಗಾಯ ಬಿಟ್ಟು ನಾನು ಏಳುವಂತಿಲ್ಲ, ನನಗೆ ನಿಮ್ಮ ಭಾಷೆಯೂ ಬರುವುದಿಲ್ಲ. ಓಡಿ” ಎಂದಳು. ಓಡಬಲ್ಲವಳಿಗೆ ಕನ್ನಡ ಬರದು, ಕನ್ನಡ ಬರುವವನಿಗೆ ಓಡಲು ಬರದು. ಈರಣ್ಣನ ಹಣೆಬರಹಕ್ಕೆ ನಾವಿಬ್ಬರೇ ಸಿಕ್ಕಿದ್ದೆವು.

ಓಡಿದೆ. ಜನ್ಮದಲ್ಲಿ ಹಾಗೆ ಓಡಿರಲಿಲ್ಲ. ಕಮಲಾಪುರದ ಅಂಚಿನಲ್ಲಿ ಒಂದು ಚಹಾದಂಗಡಿ ಸಿಕ್ಕಿತು. ನಾಲ್ಕು ಜನ ಕೂತಿದ್ದರು, ಒಂದು ಆಟೋ ನಿಂತಿತ್ತು. ದೇವರೇ ಇಟ್ಟಂತಿತ್ತು. ಬಾಯಿ ತೆರೆದೆ. ಜೀವನವಿಡೀ ಮಾತು ಮಾರಿದವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಎದೆ ಹಿಡಿದುಕೊಂಡು, “ಈರ... ಈರ...” ಎಂದೆ.

“ನೀರ! ನೀರ ಕೇಳಾಕತ್ಯಾರ, ತರ್ರಿ ಜಲ್ದಿ!”

ಚೊಂಬು ಬಂತು. ತಲೆ ಅಲ್ಲಾಡಿಸಿದರೆ ಗಲ್ಲ ಹಿಡಿದು ಕುಡಿಸಿದರು. ನೆತ್ತಿಗೆ ಹತ್ತಿ ಕೆಮ್ಮಿದೆ. ಇದ್ದಷ್ಟು ಉಸಿರೂ ಹೋಯಿತು. “ಹಾರ್ಟು ಹಿಡಕೊಂಡೈತ್ರಿ, ಮಲಗಸ್ರಿ” ಎಂದು ಒಬ್ಬರು ಬೆಂಚಿನ ಮೇಲೆ ಕೆಡವಿದರು. ಇನ್ನೊಬ್ಬರು ಪೇಪರಿನಿಂದ ಗಾಳಿ ಹಾಕಿದರು. ಬಂದ ದಾರಿಯ ಕಡೆ ಕೈ ತೋರಿಸಿದೆ. “ಮನಿಗೆ ಹೊಂಟಾರ, ಬಿಡಬ್ಯಾಡ್ರಿ” ಎಂದು ನನ್ನನ್ನು ಹೊತ್ತು ಆಟೋದಲ್ಲಿ ತುಂಬಿದರು. ಇಷ್ಟು ಒಳ್ಳೆಯ ಜನರನ್ನು ಅಷ್ಟು ದ್ವೇಷಿಸಿದ್ದು ನಾನೊಬ್ಬನೇ ಇರಬೇಕು. ಆಸ್ಪತ್ರೆಯಲ್ಲಿ ಸೂಜಿ ಹಿಡಿದು ಬಂದ ಸಿಸ್ಟರನ್ನು ನೋಡಿದ ಗಾಬರಿಗೆ ಗಂಟಲು ಬಿಟ್ಟಿತು. “ನಾನಲ್ರೀ! ಈರಣ್ಣ! ಮಾಲ್ಯವಂತದ ತಿರುವಿನಾಗ!” ಅದೇ ಆಟೋ ತಿರುಗಿ ಓಡಿತು.

ಅವನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸೇರಿಸಿದರು. ಕಾಲು ತೆಗೆದರು. ಒಂದು ಮಧ್ಯಾಹ್ನ ಎಚ್ಚರವಿದ್ದಾಗ ನಡೆದದ್ದನ್ನೆಲ್ಲ ಹೇಳಿದೆ. ನೀರಿನ ಕತೆಗೆ ಬಂದಾಗ ಅವನ ಹೊಟ್ಟೆ ಕುಲುಕಿತು. “ನಮ್ಮವ್ವ ನನಗ ಬ್ಯಾರೆ ಹೆಸರು ಇಡಬೇಕಿತ್ತು ಬಿಡು” ಎಂದ. ಆಮೇಲೆ ಜ್ವರ ಏರಿತು, ನಂಜು ಮೈಗೆಲ್ಲ ಹರಡಿತು. ಈರಣ್ಣ ಉಳಿಯಲಿಲ್ಲ. ಬೇಗ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ಶಾಂತಮ್ಮ ನೆಂಟರ ಮುಂದೆ ಆ ಚೊಂಬಿನ ಕತೆಯನ್ನು ತಾನೇ ಹೇಳಿದಳು. “ಅವರು ಭಾಳ ನಕ್ಕರಂತ” ಎಂದು ತಾನೂ ನಕ್ಕಳು. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯಲಿಲ್ಲ. ನಾನು ಅಂಗಳದಲ್ಲಿ ಚಪ್ಪಲಿ ಹುಡುಕುವವನಂತೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದೆ.

ಈಗ ದಿನಾ ಬೆಳಿಗ್ಗೆ ಕಮಲಾಪುರದ ಕೆರೆ ಏರಿಯ ಮೇಲೆ ಓಡುತ್ತೇನೆ. ಹೊಟ್ಟೆ ಕರಗಿಸಲಿಕ್ಕಲ್ಲ. ಓಡುತ್ತಲೇ, ತಡವರಿಸದೆ ಒಂದು ವಾಕ್ಯ ಹೇಳಲು ಕಲಿಯುತ್ತಿದ್ದೇನೆ: “ಮಾಲ್ಯವಂತದ ತಿರುವಿನಾಗ ಈರಣ್ಣ ಬಿದ್ದಾನ, ಗಾಡಿ ಕಳಸ್ರಿ.” ಮೊದಮೊದಲು ‘ತಿರುವಿ’ಗೇ ಉಸಿರು ಕಡಿಯುತ್ತಿತ್ತು. ಈಗ ಪೂರ್ತಿ ಬರುತ್ತದೆ. “ಯಾರಿಗೆ ಹೇಳಾಕ ಕಲ್ಯಾಕತ್ತೀರಿ?” ಎಂದು ಹೆಂಡತಿ ಕೇಳುತ್ತಾಳೆ. ಈ ಸಲ ಅವಳು ನಗುವುದಿಲ್ಲ.

ಮೊನ್ನೆ ವಾಕ್ಯ ಸ್ವಲ್ಪ ಜೋರಾಗಿಯೇ ಬಂತು. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಅದನ್ನು ಕೇಳಿದವನೇ ಸೈಕಲ್ ತಿರುಗಿಸಿ ಗುಡ್ಡದ ಕಡೆ ದೌಡಾಯಿಸಿದ. ನಿಲ್ಲಪ್ಪ, ನಿಲ್ಲಪ್ಪ ಎಂದು ಕೂಗುತ್ತ ಹಿಂದೆ ಓಡಿದೆ. ಅವನಿಗೆ ಕೇಳಿಸಲಿಲ್ಲ. ಏರಿಯ ಕಲ್ಲಿನ ಮೇಲೆ ಕೂತು ಕಾಯ್ದೆ. ಬಿಸಿಲೇರಿದ ಮೇಲೆ ವಾಪಸ್ ಬಂದ. ಮುಖ, ಮೈ, ಕ್ಯಾನು ಎಲ್ಲ ಕೆಂಪು.

“ಯಾರೂ ಇಲ್ಲಲ್ರೀ ಅಲ್ಲಿ. ಬಿದ್ದಾವ ಎಲ್ಲಿ?”

“ಹ್ವಾದ ವರ್ಷ ಬಿದ್ದಿದ್ದಪ” ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ನನ್ನ ಕಾಲನ್ನು, ಹೊಟ್ಟೆಯನ್ನು ಒಮ್ಮೆ ನೋಡಿದ.

“ಹಂಗಾದ್ರ ಮೆಲ್ಲಕ ಓಡ್ರಿ” ಎಂದು ಸೈಕಲ್ ಹತ್ತಿದ.