ಆತು ಬಿಡ್ರಿ

ಮಸ್ಕಿಯ ಹಂಪಣ್ಣನಿಗೆ ಯಾರು ಏನು ಹೇಳಿದರೂ ‘ಆತು ಬಿಡ್ರಿ’ ಎಂದು ಒಪ್ಪಿಕೊಂಡುಬಿಡುವ ಚಾಳಿ. ಸಿಂಧನೂರಿನ ಅಂಗಡಿಯ ವಿರೇಶ ಕೂಲರ್ ತೋರಿಸಿ, ಈಗ ಕರೆಂಟಿಲ್ಲ, ಮನೆಗೊಯ್ದು ಹಚ್ಚಿ ನೋಡಿ ಅಂದಾಗಲೂ ಹಾಗೇ ಅಂದು ಹೊತ್ತು ತಂದಿದ್ದ. ಹಚ್ಚಿದರೆ ಅದು ಅಕ್ಕಿ ಗಿರಣಿಯಂತೆ ಗುಡುಗಿತೇ ಹೊರತು ಗಾಳಿ ಬಿಡಲಿಲ್ಲ. ಹೆಂಡತಿ ಶಿವಕುಮಾರಿ ಮೂರು ದಿನ ಸೆಕೆ ತಡೆದಳು. ನಾಲ್ಕನೆಯ ದಿನ, ‘ಹೊಸಾದು ಬಂದ ಮ್ಯಾಲೆ ಫೋನ್ ಮಾಡ್ರಿ’ ಎಂದು ಲಿಂಗಸುಗೂರಿನ ತವರಿಗೆ ಬಸ್ಸು ಹತ್ತಿದಳು. ವಿರೇಶ ಮಾತ್ರ ಬದಲಿಸಿ ಕೊಡಲು ಜಪ್ಪಯ್ಯ ಅನ್ನಲಿಲ್ಲ.

ಇಂಥ ಸಣ್ಣ ತಕರಾರನ್ನು ಈಗ ಗ್ರಾಹಕರ ಕೋರ್ಟಿನವರು ಫೋನಿನಲ್ಲೇ ರಾಜಿ ಮಾಡಿಸುತ್ತಾರೆ ಎಂದು ಪಕ್ಕದ ಮನೆಯ ಅಮೀನ್‌ಸಾಬ್ ದೂರು ಬರೆದು ಕಳಿಸಿದ. ಒಂದು ಕಾಲಕ್ಕೆ ಕೋರ್ಟಿನಲ್ಲಿ ಜವಾನನಾಗಿದ್ದವನು. ಕಾನೂನೆಲ್ಲ ತನ್ನ ಜೇಬಿನಲ್ಲೇ ಇದ್ದಂತೆ ಮಾತಾಡುತ್ತಿದ್ದ.

ವಿಚಾರಣೆಯ ದಿನ ಬೆಳಿಗ್ಗೆ ಓಣಿಯೆಲ್ಲ ಹಂಪಣ್ಣನ ಪಡಸಾಲೆಯಲ್ಲಿ ಸೇರಿತು. ಎದುರುಮನೆ ಬಸ್ಸಮ್ಮ ಅವನ ಹಣೆಗೆ ವಿಭೂತಿ ಹಚ್ಚಿ, ಒಳ್ಳೆಯದಾಗಲೆಂದು ಫೋನಿಗೂ ಹಚ್ಚಿದಳು. ಕ್ಯಾಮೆರಾಕ್ಕೇ ಬಿದ್ದಿದ್ದರಿಂದ ರಾಜಿ ಮಾಡಿಸುವ ಬೆಂಗಳೂರಿನ ಮೇಡಂಗೆ ಮೊದಲು ಬರೀ ಮಂಜು ಕಂಡಿತು. ಒರೆಸಿದ ಮೇಲೆ ಹನ್ನೆರಡು ಮುಖ ಕಂಡವು. ಅರ್ಜಿದಾರರು ಯಾರೆಂದು ಕೇಳಿದರೆ ಹನ್ನೆರಡೂ ಜನ ಕೈ ಎತ್ತಿದರು.

‘ಭಾಳ ಮಾತಾಡಬ್ಯಾಡ. ಕೇಳಿದ್ದಕ್ಕಷ್ಟ ಹೇಳು’ ಎಂದು ಅಮೀನ್‌ಸಾಬ್ ಹಂಪಣ್ಣನ ಕಿವಿಯಲ್ಲಿ ಉಸುರಿದ.

ಕೂಲರ್ ಹಚ್ಚಿ ತೋರಿಸಿದರು. ಆ ಸದ್ದು ಕೇಳಿದ್ದೇ ಮೇಡಂ ವಿರೇಶನನ್ನು ತರಾಟೆಗೆ ತೆಗೆದುಕೊಂಡರು. ಫೋನಿನ ಇನ್ನೊಂದು ಮೂಲೆಯಲ್ಲಿ ವಿರೇಶ ಬೆವರೊರೆಸಿಕೊಂಡು, ನಾಳೆಯೇ ಹೊಸದನ್ನು ಕಳಿಸುತ್ತೇನೆಂದು ಒಪ್ಪಿದ. ಹಂಪಣ್ಣನಿಗೆ ಕಣ್ಣು ತುಂಬಿ ಬಂತು. ಶಿವಕುಮಾರಿ ಆಗಲೇ ಮಸ್ಕಿಯ ಬಸ್ಸು ಹತ್ತಿದಂತೆ ಅನಿಸಿತು.

‘ಹಂಪಣ್ಣನವರೇ, ಹೊಸ ಕೂಲರ್ ಕೊಡಿಸಲೇ? ನಿಮ್ಮ ಕೊನೆಯ ಮಾತು?’

‘ಆತು ಬಿಡ್ರಿ.’

ಮೇಡಂ ಕನ್ನಡಕ ಸರಿಮಾಡಿಕೊಂಡರು. ‘ಖಂಡಿತವೇ? ಆಮೇಲೆ ಬದಲಿಸಲು ಬರುವುದಿಲ್ಲ.’

‘ಆತು ಬಿಡ್ರಿ, ಮೇಡಂ.’

ಅದರ ಅರ್ಥ ‘ಹೂಂ’ ಎಂದೇ ಅನ್ನುವುದು ಸಿಂಧನೂರಿನ ವಿರೇಶನಿಗೆ ಗೊತ್ತಿರಲಿಲ್ಲವೇ? ಆದರೂ ಆಸಾಮಿ ತುಟಿ ಪಿಟಕ್ಕೆನ್ನದೆ ಕೈ ಮುಗಿದು ಕೂತ. ಇಂಥ ದೊಡ್ಡ ಮನಸ್ಸಿನವರು ಅಪರೂಪವೆಂದು ಮೇಡಂ ಹೊಗಳಿ ಫೋನಿಟ್ಟರು. ಬಸ್ಸಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಹಂಪಣ್ಣ ಹೆಂಡತಿಗೆ ಫೋನು ಹಚ್ಚಿ, ‘ಗೆದ್ದೀನಿ, ಬಾ’ ಎಂದ.

ಅಷ್ಟರಲ್ಲಿ ಅಮೀನ್‌ಸಾಬನ ಫೋನಿಗೆ ರಾಜಿಪತ್ರ ಬಂತು. ಅವನು ಕೋರ್ಟಿನ ಗತ್ತಿನಲ್ಲೇ ಗಟ್ಟಿಯಾಗಿ ಓದಿದ: ‘ಅರ್ಜಿದಾರರು ಹೊಸ ಕೂಲರಿನ ಬೇಡಿಕೆಯನ್ನು ಸ್ವಸಂತೋಷದಿಂದ ಬಿಟ್ಟಿರುತ್ತಾರೆ. ತಕರಾರು ಮುಗಿದಿದೆ.’

ಅದು ಲಿಂಗಸುಗೂರಿಗೂ ಕೇಳಿಸಿತು. ‘ಹಂಗಾದ್ರ ಮಳಿಗಾಲದ ತನಕಾ ನಾ ಇಲ್ಲೇ ಇರ್ತೀನ್ರಿ’ ಎಂದಳು ಶಿವಕುಮಾರಿ.

ಓಣಿಯವರೆಲ್ಲ ಹಂಪಣ್ಣನ ಬಾಯಿಯನ್ನೇ ನೋಡಿದರು. ಅಮೀನ್‌ಸಾಬ್ ಅದನ್ನು ಮುಚ್ಚಲು ಕೈ ಚಾಚುವಷ್ಟರಲ್ಲಿ ಮಾತು ಹೊರಬಿದ್ದಿತ್ತು.

‘ಆತು ಬಿಡು.’